ಕಾಜ

ಬೆಳಗ್ಗೆ ಏಳೂಕಾಲಿಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ
ಮುಖಕ್ಕೆ ಹೊಡೆಯುತ್ತದೆ ಮೂವತ್ತೇಳು ಡಿಗ್ರಿ,
ಯಾರದೋ ಕಂಕುಳ ಶಾಖ.
ನೆಲಮಾಳಿಗೆಯ ಲ್ಯಾಬು. ಮೇಲೆ ಹೊಸೂರು ರಸ್ತೆ.
ಬಸ್ಸು ಬ್ರೇಕು ಹಾಕಿದಾಗೆಲ್ಲ
ಗಾಜಿನ ಬಾಟಲಿಗಳು ತಮ್ಮತಮ್ಮಲ್ಲೇ ಏನೋ ಅಂದುಕೊಳ್ಳುತ್ತವೆ.

ತಟ್ಟೆ ಸಂಖ್ಯೆ ನಾನೂರ ಹನ್ನೆರಡು.
ಶಿವಮಾದಮ್ಮ, ಹೆಣ್ಣು, ಮೂವತ್ತಾರು. ಮೂತ್ರ.
ಈ ವರ್ಷ ಇದು ಮೂರನೇ ಸಲ.

ನಿನ್ನೆ ನಾನೇ ಇಟ್ಟ ಆರು ಕಾಗದದ ಬಿಲ್ಲೆ,
ಕಾಲರಿನ ಗುಂಡಿಯಷ್ಟು ಅಗಲ,
ಒಂದೊಂದರಲ್ಲಿ ಒಂದೊಂದು ಔಷಧ.
ಔಷಧ ನಾಟಿದರೆ ಸುತ್ತಲಿನ ಕ್ರಿಮಿ ಸತ್ತು
ತಿಳಿಯಾದ ಒಂದು ಬಳೆ ಮೂಡುತ್ತದೆ.
ನಾನು ಸ್ಕೇಲಿಟ್ಟು ಅಳೆಯುವುದು ಆ ಖಾಲಿಯನ್ನು.
ನನಗೆ ಸಂಬಳ ಕೊಡುವುದೂ ಅದಕ್ಕೇ.

ಇವತ್ತು ಸ್ಕೇಲಿಗೆ ಕೆಲಸ ಕಡಿಮೆ.
ಮೊದಲನೆಯದರ ಅಂಚಿನವರೆಗೂ ಬೆಳೆದಿವೆ,
ಎರಡನೆಯದರ ಅಂಚಿನವರೆಗೂ.
ಮೂರನೆಯದಕ್ಕೆ ಒರಗಿಕೊಂಡೇ ಕೂತಿವೆ,
ಸಂಜೆ ಕಟ್ಟೆಯ ಮೇಲೆ ಕೂತವರ ಹಾಗೆ, ಆರಾಮಾಗಿ.
ಆರರಲ್ಲಿ ಐದಕ್ಕೆ ‘ಆರ್’ ಎಂದು ಬರೆದೆ.
ಆರ್ ಅಂದರೆ, ಬಗ್ಗಲ್ಲ.

ಕಳೆದ ಸಲ ಕಿಟಕಿಯ ಗಾಜಿನಾಚೆಯಿಂದ
ಅವಳಿಗೆ ತಟ್ಟೆ ತೋರಿಸಿದ್ದೆ; ತೋರಿಸಬಾರದು.
ಕಣ್ಣು ಕಿರಿದು ಮಾಡಿ ನೋಡಿ ಅಂದಿದ್ದಳು:
‘ಗುಂಡಿ ಹಚ್ಚಿದೀರ, ಕಾಜಾನೇ ಹೊಡೆದಿಲ್ವಲ್ಲ ಮೇಡಂ.’

ಬೊಮ್ಮನಹಳ್ಳಿಯ ಗಾರ್ಮೆಂಟಿನಲ್ಲಿ ಕಾಜದ ಮಿಷನ್ನು ಅವಳದು.
ಗಂಟೆಗೆ ತೊಂಬತ್ತು ಅಂಗಿ, ಅಂಗಿಗೆ ಏಳು ಕಾಜ.
ಎದ್ದು ಹೋದರೆ ಪೀಸು ಗುಡ್ಡೆಯಾಗುತ್ತದೆ,
ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ, ಅವಳನ್ನಲ್ಲ.
ಹಾಗಾಗಿ ಮನೆಯಿಂದ ತುಂಬಿ ಒಯ್ದ ನೀರಿನ ಬಾಟಲಿ
ತುಂಬಿದ ಹಾಗೇ ಮನೆಗೆ ಬರುತ್ತದೆ.

ಉರಿ ಶುರುವಾದಾಗ ಮೆಡಿಕಲ್ ಶಾಪಿನ ಹುಡುಗ
ಸ್ಟ್ರಿಪ್ಪಿಗೆ ಕತ್ತರಿ ಹಾಕಿ ಕೊಟ್ಟದ್ದು ನಾಲ್ಕು ಮಾತ್ರೆ.
ಎರಡಕ್ಕೇ ಉರಿ ನಿಂತಿತು. ಉಳಿದೆರಡು
ಪಕ್ಕದ ಮಿಷನ್ನಿನ ಯಶೋಧಳಿಗೆ; ಅವಳಿಗೂ ಅದೇ ಕಾಟ.
ಪಕ್ಕದಲ್ಲಿ ಕೂತವಳ ಉರಿಗೆ ಇಲ್ಲ ಅನ್ನಲಾದೀತೆ?

ಒಳಗೂ ಅದೇ ನಡೆದಿತ್ತು.
ಸಾಯದೆ ಉಳಿದ ನಾಲ್ಕಾರು ಎದ್ದು ಕೂತು,
ಕಾಂಪೌಂಡಿನ ಮೇಲಿಂದ ಒಂದು ಚಮಚ ಹೆಪ್ಪು ಕೊಡುವ ಹಾಗೆ
ಬದುಕುವ ಗುಟ್ಟನ್ನು ಪಕ್ಕದವಕ್ಕೆ ದಾಟಿಸಿದವು.
ಕುಲ ಕೇಳಲಿಲ್ಲ, ವಾಪಸು ಕೇಳಲಿಲ್ಲ.
ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗಿ
ಬೆಳಗಾಗುವುದರೊಳಗೆ ಪಾತ್ರೆ ಪೂರ್ತಿ ಗಟ್ಟಿ.

ನಾನು ಯಾರನ್ನೂ ಬೈಯುವ ಹಾಗಿಲ್ಲ.
ನನ್ನ ಚೀಲದ ಸಣ್ಣ ಜೇಬಿನಲ್ಲಿ, ಬಸ್ ಪಾಸಿನ ಹಿಂದೆ,
ಹೋದ ದೀಪಾವಳಿಯ ಗಂಟಲು ನೋವಿನದೊಂದು ಸ್ಟ್ರಿಪ್ಪಿದೆ,
ಐದರಲ್ಲಿ ಎರಡು ಉಳಿದದ್ದು.
ಬೇಕಾಗುತ್ತೆ ಅಂತ.

ಆರನೆಯ ಬಿಲ್ಲೆಯ ಸುತ್ತ ಬಳೆ ಇದೆ.
ಇಪ್ಪತ್ತೊಂದು ಮಿಲಿಮೀಟರ್.
ಮತ್ತೆ ಅಳೆದೆ. ಇಪ್ಪತ್ತೊಂದೇ.
ಒಂದು ಕಾಜ, ತಾಯಿ, ಒಂದಾದರೂ.

ಹನ್ನೊಂದಕ್ಕೆ ಬಂದಳು, ಅರ್ಧ ದಿನದ ಸಂಬಳ ಬಿಟ್ಟು.
ಮಾತ್ರೆ ಇಲ್ಲವಂತೆ, ಇಂಜೆಕ್ಷನ್ನಂತೆ,
ದಿನಾ ಬರಬೇಕಂತೆ, ಏಳು ದಿನ.
ಮೇಲೆ ಡಾಕ್ಟರು ಹೇಳಿದ್ದನ್ನು ನನಗೆ ಒಪ್ಪಿಸಿ
‘ಏಳು ದಿನ’ ಎಂದು ಇನ್ನೊಮ್ಮೆ ಅಂದಳು,
ಬೇರೆ ಯಾರದೋ ಮನೆಯ ಬಾಡಿಗೆ ಹೇಳುವ ಹಾಗೆ.
ವರದಿಯನ್ನು ಎಂಟು ಮಡಿಕೆ ಮಾಡಿ
ಬುತ್ತಿಯ ಚೀಲಕ್ಕೆ ತುರುಕಿದಳು.
ನೀರು ಚೆನ್ನಾಗಿ ಕುಡೀರಿ ಅನ್ನಲು ಹೋಗಿ
ಮಾತು ನುಂಗಿಕೊಂಡೆ.

ಅವಳು ಅತ್ತಿತ್ತ ನೋಡಿ, ದನಿ ಇಳಿಸಿ,
‘ಇಲ್ಲಿ ಬಾತ್‌ರೂಮು ಎಲ್ಲಿ ಮೇಡಂ?’
ರೋಗಿಗಳದ್ದು ಮೂರನೇ ಮಹಡಿ. ಲಿಫ್ಟು ಕೆಟ್ಟು ವಾರವಾಯಿತು.
‘ಸಿಬ್ಬಂದಿಗೆ ಮಾತ್ರ’ ಎಂದು ಬರೆದ ಬಾಗಿಲಿನ ಬೀಗದಕೈಯನ್ನು
ಮೊಳೆಯಿಂದ ತೆಗೆದು ಕೊಟ್ಟೆ.

ಹೋದವಳು ಬೇಗ ಬರಲಿಲ್ಲ.
ಗಡಿಯಾರ ನೋಡಿದೆ.
ನೋಡಿದ್ದಕ್ಕೆ ನಾಚಿಕೆಯಾಗಿ
ನಾನೂರ ಹದಿಮೂರನೇ ತಟ್ಟೆ ಕೈಗೆತ್ತಿಕೊಂಡೆ.